ಮಗಳಿಗೊಂದು ಪತ್ರ: ಹಲಸಿನ ಮರದ ಕೆಳಗೆ ಬಂದ ಓಟಿಪಿ

ಪ್ರೀತಿಯ ಪುಟ್ಟಿ,

ಮೊನ್ನೆ ನೀನು ಫೋನಿನಲ್ಲಿ "ಅಮ್ಮಾ, ನನಗೂ ಕ್ರೆಡಿಟ್ ಕಾರ್ಡ್ ಬಂತು" ಅಂದಾಗ ನಾನು ಮಾತು ನಿಲ್ಲಿಸಿದೆನಲ್ಲ, ನೀನು ನೆಟ್‌ವರ್ಕ್ ಹೋಯ್ತು ಅಂದುಕೊಂಡೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಹೇಳಬೇಕಾದ ಮಾತೊಂದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಫೋನಿನಲ್ಲಿ ಹೇಳಿದರೆ "ಗೊತ್ತಮ್ಮ, ಗೊತ್ತಮ್ಮ" ಅಂತ ಅರ್ಧಕ್ಕೇ ತುಂಡು ಮಾಡುತ್ತೀಯ. ಅದಕ್ಕೇ ಪತ್ರ.

ಜನವರಿಯಲ್ಲಿ ನಾನು ಮೋಸ ಹೋದೆ. 41,700 ರೂಪಾಯಿ. ಒಂದು ಚೀಲ ಒಳ್ಳೆಮೆಣಸಿನ ದುಡ್ಡಿಗಿಂತ ಜಾಸ್ತಿ.

ಅವತ್ತು ಕಣದ ತುಂಬ ಕಾಫಿ ಹರಡಿತ್ತು. ಪುಷ್ಪಗಿರಿ ಬೆಟ್ಟದ ಕಡೆಯಿಂದ ಮೋಡ ಕಟ್ಟಿಕೊಂಡು ಬರುತ್ತಿತ್ತು. ಅಪ್ಪ ಕುಶಾಲನಗರಕ್ಕೆ ಹೋಗಿದ್ದರು. ನಾನೂ ತೋಟದ ಕೆಲಸದವರ ಲೈನ್ ಮನೆಯ ಇಬ್ಬರು ಹೆಂಗಸರೂ ಟಾರ್ಪಾಲು ಎಳೆಯುತ್ತಿದ್ದೆವು. ಆಗ ವಾಟ್ಸಾಪಿನಲ್ಲಿ ಫೋನ್ ಬಂತು. ಒಳ್ಳೆ ಕನ್ನಡ, ಮರ್ಯಾದೆಯ ಮಾತು. ನನ್ನ ಪೂರ್ತಿ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ ಅವನೇ ಹೇಳಿದ. ಸೇರಿರುವ ರಿವಾರ್ಡ್ ಪಾಯಿಂಟ್‌ನಿಂದ 6,800 ರೂಪಾಯಿ ಬರಬೇಕು, ಇವತ್ತು ರಾತ್ರಿಗೆ ರದ್ದಾಗುತ್ತದೆ ಅಂದ. ಅಷ್ಟು ಗೊತ್ತಿದ್ದವನು ಬ್ಯಾಂಕಿನವನೇ ಇರಬೇಕು ಅಂತ ಉಳಿದ ಅಂಕಿಯನ್ನೆಲ್ಲ ನಾನೇ ಓದಿ ಹೇಳಿದೆ. ಕಾರ್ಡ್ ಮುಗಿಯುವ ತಿಂಗಳನ್ನೂ, ಕಾರ್ಡಿನ ಹಿಂಬದಿಯ ಮೂರು ಅಂಕಿಯನ್ನೂ.

ಆಮೇಲೆ ಓಟಿಪಿ ಕೇಳಿದ. ನಮ್ಮನೆ ನಿನಗೆ ಗೊತ್ತಲ್ವಾ? ವಾಟ್ಸಾಪ್ ವೈಫೈಯಲ್ಲಿ ಬರುತ್ತದೆ, ಮೆಸೇಜ್ ಬೇಕಾದರೆ ಹಲಸಿನ ಮರದ ಹತ್ತಿರ ಹೋಗಬೇಕು. ಹೋಗಿ ನೋಡಿ ಬರುತ್ತೇನೆ ಅಂದೆ. "ನಿಧಾನಕ್ಕೆ ಹೋಗಿ ಮೇಡಂ, ಮಳೆ ಅಂತೀರಿ, ಜಾರೀತು" ಅಂದ ಪುಣ್ಯಾತ್ಮ! ಹೋದೆ, ಓದಿಕೊಂಡು ಬಂದೆ, ಹೇಳಿದೆ. ಸೋಮವಾರಪೇಟೆಯಲ್ಲಿ ತೂಕ ಕಾಲು ಕೆಜಿ ಹೆಚ್ಚುಕಮ್ಮಿ ಅನ್ನಿಸಿದರೆ ಚೀಲ ಇಳಿಸಿ ಮತ್ತೆ ತೂಗಿಸುವವಳು ನಾನು. ಆ ಮೆಸೇಜನ್ನು ಮಾತ್ರ ಪೂರ್ತಿ ಓದಲಿಲ್ಲ. ಆರು ಅಂಕಿಯ ಪಕ್ಕದಲ್ಲೇ 23,700 ರೂಪಾಯಿ ಖರೀದಿಗೆ ಅಂತ ಬರೆದಿತ್ತು. ಯಾರಿಗೂ ಹೇಳಬೇಡಿ ಅಂತಲೂ ಇತ್ತು. ದುಡ್ಡು ನಮಗೆ ಬರುವುದಕ್ಕೆ ಓಟಿಪಿ ಯಾಕೆ ಬೇಕು ಅಂತ ತಲೆಗೆ ಹೊಳೆಯಲೇ ಇಲ್ಲ. ತಲೆಯೆಲ್ಲ ಟಾರ್ಪಾಲಿನ ಮೇಲಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಷ್ಟ 23,700. ಇನ್ನೊಂದು 18,000 ಹೋಗಿದ್ದು ನನ್ನ ನಾಚಿಕೆಯಿಂದ. ದುಡ್ಡು ಹೋದ ಮೆಸೇಜ್ ಸಂಜೆಯೇ ಕಂಡಿತು. ಅಪ್ಪನಿಗೆ ಹೇಗೆ ಹೇಳಲಿ ಅಂತ ಎರಡು ದಿನ ಬಾಯಿ ಮುಚ್ಚಿಕೊಂಡು ಕೂತೆ. ಎರಡನೇ ರಾತ್ರಿ ಯಾವುದೋ ವಿದೇಶಿ ವೆಬ್‌ಸೈಟಿನಲ್ಲಿ ಡಾಲರ್ ಲೆಕ್ಕದಲ್ಲಿ ಮತ್ತೆ ಕಾರ್ಡ್ ಉಜ್ಜಿದ್ದರು. ಈ ಸಲ ಓಟಿಪಿಯೇ ಬರಲಿಲ್ಲ. ಹೊರದೇಶದ ಎಷ್ಟೋ ವೆಬ್‌ಸೈಟುಗಳಿಗೆ ನಂಬರ್, ಮುಗಿಯುವ ತಿಂಗಳು, ಹಿಂದಿನ ಮೂರು ಅಂಕಿ ಇದ್ದರೆ ಸಾಕಂತೆ. ಹೋದ ವರ್ಷ ನೀನು ಪುಸ್ತಕ ತರಿಸುವಾಗ ನನ್ನ ಕಾರ್ಡಿನಲ್ಲಿ ವಿದೇಶಿ ಬಳಕೆ ಆನ್ ಮಾಡಿದ್ದೆಯಲ್ಲ, ಅದು ಹಾಗೇ ಉಳಿದಿತ್ತು. ನಿನ್ನನ್ನು ದೂರುತ್ತಿಲ್ಲ, ಆಫ್ ಮಾಡಬೇಕು ಅಂತ ನನಗೂ ಗೊತ್ತಿರಲಿಲ್ಲ.

ಮೂರನೇ ದಿನ ಬ್ಯಾಂಕಿಗೆ ಫೋನ್ ಮಾಡಿದಾಗ ನಿಯಮ ಗೊತ್ತಾಯಿತು. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ ತಂದ ನಿಯಮ ಅದು. ಓಟಿಪಿ, ಕಾರ್ಡಿನ ವಿವರ ನಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲಿನದು ಬ್ಯಾಂಕಿನದು. ನಾನು ಅವತ್ತೇ ಹೇಳಿದ್ದರೆ ಕಾರ್ಡ್ ಬ್ಲಾಕ್ ಆಗಿ ಎರಡನೆಯದು ನಡೆಯುತ್ತಲೇ ಇರಲಿಲ್ಲ. ಹಾಗೂ ನಡೆದಿದ್ದರೆ ಅವರ ತಲೆಗೆ ಹೋಗುತ್ತಿತ್ತು. ನಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಬೇರೆ ಎಲ್ಲೋ ವಿವರ ಸೋರಿ ದುಡ್ಡು ಹೋದರೆ, ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಮಗೆ ಒಂದು ಪೈಸೆ ನಷ್ಟವಿಲ್ಲ. 4ರಿಂದ 7 ಕೆಲಸದ ದಿನ ಆದರೆ, 5 ಲಕ್ಷದೊಳಗಿನ ಮಿತಿಯ ಕಾರ್ಡಿಗೆ ಹೆಚ್ಚೆಂದರೆ 10,000 ನಾವು ಹೊರಬೇಕು. ಹಾಗಾಗಿ ಬ್ಯಾಂಕಿನ ಮೆಸೇಜುಗಳನ್ನು ಮ್ಯೂಟ್ ಮಾಡಿ ಇಡಬೇಡ. ನಿನ್ನ ಫೋನ್ ನೋಡಿದ್ದೇನೆ, ಓದದ ಮೆಸೇಜು ಸಾವಿರ ಇರುತ್ತವೆ.

ಇವತ್ತೇ ಬ್ಯಾಂಕಿನ ಆಪ್ ತೆಗೆದು ಕೂತುಕೋ. ವಿದೇಶಿ ಬಳಕೆ ಆಫ್ ಇದೆಯಾ ನೋಡು. ಆನ್‌ಲೈನ್ ಖರೀದಿಗೆ ಒಂದು ಮಿತಿ ಹಾಕು, ದೊಡ್ಡದೇನಾದರೂ ಕೊಳ್ಳುವಾಗ ಮಾತ್ರ ಏರಿಸು. ಈ ಆನ್-ಆಫ್ ಸೌಲಭ್ಯ ಕೊಡಲೇಬೇಕು ಅಂತ 2020ರಿಂದ ನಿಯಮವೇ ಇದೆ. ಮೆಷಿನ್‌ಗೆ ಸುಮ್ನೆ ತಾಗಿಸಿದರೆ 5,000ದವರೆಗೆ ಪಿನ್ ಇಲ್ಲದೆ ದುಡ್ಡು ಹೋಗುತ್ತದೆ. ಪರ್ಸ್ ಕಳೆದುಕೊಳ್ಳುವುದರಲ್ಲಿ ನೀನು ನಿಸ್ಸೀಮಳು, ಅದನ್ನೂ ಆಫ್ ಮಾಡು. ಹೋಟೆಲಿನಲ್ಲಿ ಕಾರ್ಡನ್ನು ಮಾಣಿಯ ಕೈಗೆ ಕೊಟ್ಟು ಕಳಿಸಬೇಡ, ಮೆಷಿನ್ ಟೇಬಲಿಗೆ ತರಲಿ.

ನಮ್ಮ ಕುಟುಂಬದ ಗ್ರೂಪಿಗೆ ಮದುವೆ ಕರೆಯೋಲೆ ಅಂತ ಒಂದು ಎಪಿಕೆ ಫೈಲ್, ಅಂದರೆ ಫೋನಿಗೆ ಆಪ್ ಹಾಕುವ ಫೈಲ್, ಬಂದಿತ್ತು, ನೆನಪಿದೆಯಾ? ಅಂಥದ್ದನ್ನು ಇನ್‌ಸ್ಟಾಲ್ ಮಾಡಿ ಕೇಳಿದ ಅನುಮತಿ ಕೊಟ್ಟರೆ, ನಿನಗೆ ಬರುವ ಓಟಿಪಿಯನ್ನು ಅದೇ ಓದಿ ಕಳ್ಳರಿಗೆ ಕಳಿಸುತ್ತದೆ. ಬಾಯಿಬಿಟ್ಟು ಹೇಳುವುದೇ ಬೇಡ. ಇನ್ನು ಕಸ್ಟಮರ್ ಕೇರ್ ನಂಬರನ್ನು ಗೂಗಲಿನಲ್ಲಿ ಹುಡುಕಬೇಡ, ಕಾರ್ಡಿನ ಹಿಂದೆಯೇ ಅಚ್ಚಾಗಿದೆ.

ನಿನಗೇನಾದರೂ ಹೀಗಾದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸು, ದೂರಿನ ನಂಬರ್ ಬರೆದುಕೋ. ಮರುಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಮಾಡು. ದುಡ್ಡು ಕೈದಾಟುವ ಮುಂಚೆ ತಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೂರನೇ ಫೋನ್ ನನಗೆ. ನಾನು ಬೈಯುವುದಿಲ್ಲ. ಬೈಯುವ ಯೋಗ್ಯತೆಯೂ ಉಳಿದಿಲ್ಲ ಬಿಡು.

ಅಪ್ಪನಿಗೆ ಹೋದ ಭಾನುವಾರ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ "ಟಾರ್ಪಾಲು ಎಳೆಯೋಕೆ ನಾನಿರಬೇಕಿತ್ತು" ಅಂದರು. ಅಷ್ಟೇ.

ಶನಿವಾರದ ಬಸ್ಸಿನಲ್ಲಿ ಕಾಫಿಪುಡಿ, ಒಂದು ಕೆಜಿ ಮೆಣಸು ಕಳಿಸುತ್ತಿದ್ದೇನೆ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಅಂತ ನಾನೇ ಫೋನ್ ಮಾಡಿ ಹೇಳುತ್ತೇನೆ. "ನಿಮ್ಮ ಪಾರ್ಸೆಲ್ ನಿಂತಿದೆ, ಈ ಲಿಂಕಿನಲ್ಲಿ 5 ರೂಪಾಯಿ ಕಟ್ಟಿ" ಅಂತ ಮೆಸೇಜ್ ಬಂದರೆ ಅದು ನಮ್ಮನೆ ಪಾರ್ಸೆಲ್ ಅಲ್ಲ.

ನಿನ್ನ
ಅಮ್ಮ