ಗಿರಣಗಾಂವಿನ ಮೊಮ್ಮಗಳಿಗೆ

ಪ್ರೀತಿಯ ಮಗಳಿಗೆ,

"ಅವ್ವಾ, ಇಲ್ಲಿದ್ದ ಜನ ಎಲ್ಲ ಎಲ್ಲಿಗೆ ಹೋದರು?" ಅಂತ ಮೊನ್ನೆ ಕೇಳಿದೆಯಲ್ಲ, ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ನಿಮ್ಮಪ್ಪ ಪಕ್ಕದಲ್ಲೇ ಟಿವಿ ಜೋರಾಗಿ ಹಚ್ಚಿಕೊಂಡು ಕೂತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕ ದಿನ ಓದು.

ನಿನ್ನ ಆಫೀಸಿರುವ ಲೋವರ್ ಪರೇಲ್, ಪಕ್ಕದ ಲಾಲ್‌ಬಾಗ್, ಪರೇಲ್, ವರಳಿ, ಭಾಯಖಳಾ, ಶಿವಡಿ, ಮುಂಬೈಯ ಇವೆಲ್ಲ ಸೇರಿ ಗಿರಣಗಾಂವ್, ಅಂದರೆ ಬಟ್ಟೆ ಗಿರಣಿಗಳ ಊರು. 1854ರಲ್ಲಿ ಕಾವಸಜಿ ದಾವರ್ ಅನ್ನೋ ಪಾರ್ಸಿ ವ್ಯಾಪಾರಿ ತಾಡದೇವ್‌ನಲ್ಲಿ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದರು. ಆಮೇಲೆ ಒಂದರ ಹಿಂದೆ ಒಂದು ಬಂದವು. ನನ್ನ ಚಿಕ್ಕಂದಿನಲ್ಲಿ ಅರವತ್ತರ ಹತ್ತಿರ ಗಿರಣಿ, ಎರಡೂವರೆ ಲಕ್ಷದಷ್ಟು ಕೆಲಸಗಾರರು. ಕೊಂಕಣ, ಸಾತಾರಾ, ಕೊಲ್ಹಾಪುರದವರೇ ಜಾಸ್ತಿ. ಉತ್ತರ ಪ್ರದೇಶದವರಿದ್ದರು, ತೆಲುಗು ನೇಕಾರರಿದ್ದರು. ಚಿಕ್ಕೋಡಿ ಕಡೆಯಿಂದ ಹೋದ ನಿನ್ನ ಅಜ್ಜ, ಅಂದರೆ ನನ್ನ ಅಪ್ಪನಂಥವರೂ ಅಷ್ಟಿಷ್ಟು ಇದ್ದರು.

ನಮ್ಮದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಕಟ್ಟಡದಲ್ಲಿ, ಒಂದು ಖೋಲಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಮೇಲೊಂದು ಹಲಗೆಯ ಅಟ್ಟ. ಮಹಡಿಗೆಲ್ಲ ಒಂದೇ ನಳ, ಕೊನೆಯಲ್ಲಿ ಸಾಲಾಗಿ ಸಂಡಾಸು. ಮನೆಯವರು ಐದು ಜನ, ಜೊತೆಗೆ ಊರ ಕಡೆಯ ಇಬ್ಬರು ಹುಡುಗರು. ಒಬ್ಬ ರಾತ್ರಿ ಪಾಳಿ, ಒಬ್ಬ ಹಗಲು ಪಾಳಿ. ಒಬ್ಬ ಎದ್ದ ಚಾಪೆಯ ಮೇಲೆ ಇನ್ನೊಬ್ಬ ಬಂದು ಮಲಗುತ್ತಿದ್ದ. ಗಿರಣಿಯ ಭೋಂಗಾ, ಅಂದರೆ ಸೈರನ್ನು, ಕೂಗಿದರೆ ಇಡೀ ಓಣಿ ಏಳುತ್ತಿತ್ತು, ಗಡಿಯಾರ ಯಾರಿಗೂ ಬೇಕಿರಲಿಲ್ಲ.

ಅಜ್ಜ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆ, ಕಿವಿಯೊಳಗೆ, ಮೀಸೆಯ ಅಂಚಿಗೆ ಬಿಳಿ ಹತ್ತಿ ಅಂಟಿಕೊಂಡಿರುತ್ತಿತ್ತು. ಅಜ್ಜಿ ಹೊಸ್ತಿಲಲ್ಲೇ ಕೂರಿಸಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಒಳಗೆ ಬಿಟ್ಟುಕೊಂಡರೆ ಭಾಕರಿ ಹಿಟ್ಟಿಗೆಲ್ಲ ಬೀಳುತ್ತೆ ಅಂತ. ಎದೆಯೊಳಗೆ ಹೋದ ಹತ್ತಿಯನ್ನು ಮಾತ್ರ ಒರೆಸೋಕೆ ಬರಲಿಲ್ಲ. ಆ ಕೆಮ್ಮು ಕೊನೆವರೆಗೂ ಇತ್ತು.

ಅಜ್ಜಿ ಖಾನಾವಳಿ ನಡೆಸುತ್ತಿದ್ದಳು. ದೊಡ್ಡ ಬೋರ್ಡು ಇದ್ದ ಖಾನಾವಳಿ ಅಲ್ಲ. ಅದೇ ಖೋಲಿಯಲ್ಲಿ ಹದಿನೈದು ಇಪ್ಪತ್ತು ಜನರಿಗೆ ಅಡುಗೆ, ಡಬ್ಬಿ ಕಟ್ಟೋದು, ಪಗಾರದ ದಿನ ಲೆಕ್ಕ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರ ಊಟ ಇಂಥ ಹೆಂಗಸರ ಕೈಯಲ್ಲೇ ಇತ್ತು. ಆದರೆ ರೇಷನ್ನಿಗೆ ಸಾಲ ತರೋದು ಲೇವಾದೇವಿಯವರಿಂದ, ಬಡ್ಡಿ ಕೇಳಬೇಡ. 1975ರಲ್ಲಿ ಪ್ರೇಮಾ ಪುರವ್ ಅನ್ನೋರು ಇಂಥ ಹೆಂಗಸರನ್ನೇ ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಒಬ್ಬರಿಗೊಬ್ಬರು ಜಾಮೀನು ನಿಂತು ಬ್ಯಾಂಕಿನಿಂದ ಸಾಲ. ಅಜ್ಜಿ ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಹಾಗೆ.

ಈಗ ಹಳೆ ಚಾಳಿನ ಬಗ್ಗೆ ಬರೆಯೋರು ಬಹಳ ಸಿಹಿ ಮಾಡಿ ಬರೆಯುತ್ತಾರೆ. ಎಲ್ಲರೂ ಒಂದೇ ಕುಟುಂಬ, ಬಾಗಿಲು ಯಾವಾಗಲೂ ತೆರೆದಿತ್ತು ಅಂತ. ಬಾಗಿಲು ತೆರೆದಿತ್ತು ನಿಜ. ಮುಚ್ಚಿದರೆ ಒಳಗೆ ಉಸಿರು ಕಟ್ಟುತ್ತಿತ್ತು, ಅದಕ್ಕೆ! ನಳದ ಹತ್ತಿರ ಬೆಳಗಿನ ಜಾವ ನಾಲ್ಕಕ್ಕೆ ಆಗುತ್ತಿದ್ದ ಜಗಳ ಕೇಳಿದ್ದರೆ ನೀನು ಕುಟುಂಬ ಅನ್ನುತ್ತಿರಲಿಲ್ಲ. ಜಾತಿಯೂ ಇತ್ತು. ಗಿರಣಿಯಲ್ಲಿ ಒಳ್ಳೆ ಪಗಾರ ಇದ್ದದ್ದು ನೇಯ್ಗೆ ಖಾತೆಗೆ. ಅಲ್ಲಿಗೆ ದಲಿತರನ್ನು ಸೇರಿಸುತ್ತಿರಲಿಲ್ಲ. ಲಾಳಿಗೆ ನೂಲು ಪೋಣಿಸುವಾಗ ಬಾಯಿಂದ ಎಳೆಯಬೇಕು, ಅವರ ಎಂಜಲು ನಮಗೆ ತಾಗುತ್ತೆ ಅನ್ನೋದು ಉಳಿದವರ ನೆಪ. ಅಂಬೇಡ್ಕರ್ ಅವರು ಪರೇಲಿನ ಬಿಐಟಿ (ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್) ಚಾಳಿನಲ್ಲೇ ವರ್ಷಗಟ್ಟಲೆ ಇದ್ದವರು, 1928ರ ಮುಷ್ಕರದ ಹೊತ್ತಿನಲ್ಲಿ ಇದನ್ನು ನೇರವಾಗಿ ಎತ್ತಿ ಕೇಳಿದರು. ಒಂದೇ ಬಾವುಟದ ಕೆಳಗೆ ಮೆರವಣಿಗೆ ಹೋಗುತ್ತಿದ್ದವರು ನೀರಿನ ಮಡಕೆ ಮಾತ್ರ ಬೇರೆ ಇಡುತ್ತಿದ್ದರು.

ಬಾವುಟ ಅಂದೆನಲ್ಲ, ಅದೂ ಬದಲಾಯಿತು. ಮೊದಲು ಓಣಿಯಲ್ಲೆಲ್ಲ ಕೆಂಪು ಬಾವುಟ. 1966ರಲ್ಲಿ ಶಿವಸೇನೆ ಹುಟ್ಟಿತು. 1970ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಶಾಸಕ ಕೃಷ್ಣಾ ದೇಸಾಯಿ ಅವರ ಕೊಲೆಯಾಯಿತು. ಆಮೇಲೆ ನಡೆದ ಉಪಚುನಾವಣೆಯಲ್ಲಿ ಸೇನೆಯ ವಾಮನರಾವ್ ಮಹಾಡಿಕ್ ಗೆದ್ದರು, ಸೇನೆಯ ಮೊದಲ ಶಾಸಕ. ಅಲ್ಲಿವರೆಗೆ ಜಗಳ ಮಾಲೀಕರ ಜೊತೆ. ಅಲ್ಲಿಂದ ಮುಂದೆ ನೀನು ಯಾವ ಊರಿನವನು ಅನ್ನೋ ಪ್ರಶ್ನೆ ಶುರುವಾಯಿತು. ಅಜ್ಜನ ಮರಾಠಿ ಚೆನ್ನಾಗಿತ್ತು, ಬಚಾವಾದರು.

1982ರ ಜನವರಿ 18. ಈ ತಾರೀಕನ್ನು ಮಾತ್ರ ನೆನಪಿಟ್ಟುಕೋ. ಅವತ್ತು ಮುಷ್ಕರ ಶುರು. ಮುಂದಾಳು ಡಾಕ್ಟರ್ ದತ್ತಾ ಸಾಮಂತ್. ಪಗಾರ, ಬೋನಸ್ಸು ಕೇಳಿದ್ದು ಒಂದು ಕಡೆ. ಇನ್ನೊಂದು, 1946ರ ಕಾಯ್ದೆಯೊಂದು ಇಡೀ ಉದ್ಯಮಕ್ಕೆ ಒಂದೇ ಸಂಘ ಮಾತಾಡಬೇಕು ಅಂತ ಮಾಡಿತ್ತು, ಆ ಸಂಘವನ್ನು ಕೆಲಸಗಾರರೇ ನಂಬುತ್ತಿರಲಿಲ್ಲ. ಆ ಕಾಯ್ದೆ ಹೋಗಬೇಕು ಅನ್ನೋದು ದೊಡ್ಡ ಬೇಡಿಕೆ. ಎರಡೂವರೆ ಲಕ್ಷ ಜನ ಕೆಲಸ ಬಿಟ್ಟರು. ದೀಪಾವಳಿಗೆ ಮುಗಿಯುತ್ತೆ ಅಂದರು, ಮುಗಿಯಲಿಲ್ಲ. ಮಾಲೀಕರಿಗೂ ಅವಸರ ಇರಲಿಲ್ಲ. ಬಟ್ಟೆ ಭಿವಂಡಿಯ ಪವರ್‌ಲೂಮ್‌ಗಳಲ್ಲಿ ಕಡಿಮೆ ಖರ್ಚಿನಲ್ಲಿ ತಯಾರಾಗುತ್ತಿತ್ತು. ಆ ಮುಷ್ಕರವನ್ನು ವಾಪಸ್ಸು ಪಡೆದೆವು ಅಂತ ಇವತ್ತಿಗೂ ಯಾರೂ ಅಧಿಕೃತವಾಗಿ ಹೇಳಿಲ್ಲ. ಅದು ಸುಮ್ನೆ ಸವೆದು ಹೋಯಿತು. ಲಕ್ಷದ ಮೇಲೆ ಜನರಿಗೆ ಮತ್ತೆ ಕೆಲಸ ಸಿಗಲಿಲ್ಲ, ಅದರಲ್ಲಿ ನಿನ್ನ ಅಜ್ಜನೂ ಒಬ್ಬರು. ಸೋತ ಜನ 1984ರಲ್ಲಿ ಸಾಮಂತರನ್ನೇ ಲೋಕಸಭೆಗೆ ಕಳಿಸಿದರು. ದೇಶದಲ್ಲೆಲ್ಲ ಕಾಂಗ್ರೆಸ್ಸಿನ ಅಲೆ ಇದ್ದಾಗ! 1997ರಲ್ಲಿ ಅವರನ್ನೂ ಗುಂಡಿಟ್ಟು ಕೊಂದರು.

ಗಿರಣಗಾಂವ್ ಬದಲಾಗಿದ್ದು ಟವರ್ ಎದ್ದಾಗ ಅಂತ ನೀನು ತಿಳಿದಿದ್ದೀಯ. ನನ್ನ ಲೆಕ್ಕದಲ್ಲಿ ಅದು ಬದಲಾಗಿದ್ದು ಆ ಎರಡು ವರ್ಷದಲ್ಲಿ, ಮನೆಯೊಳಗೆ. ಮೊದಲು ಡಬ್ಬಿಗಳು ಕಡಿಮೆಯಾದವು. ಪಗಾರ ಇಲ್ಲದ ಹುಡುಗರು ದುಡ್ಡು ಕೊಡಲಿಲ್ಲ, ಆದರೂ ಅಜ್ಜಿ ಕೆಲವು ತಿಂಗಳು ಊಟ ಹಾಕಿದಳು. ಆಮೇಲೆ ಅವರೇ ನಾಚಿಕೊಂಡು ಊರಿಗೆ ಹೋದರು. ಪಾತ್ರೆ ಹೋದವು, ಅಜ್ಜಿಯ ತಾಳಿಯ ಗುಂಡು ಒತ್ತೆಗೆ ಹೋಯಿತು. ಗಂಡಸರು ಮನೆಯಲ್ಲಿ, ಹೆಂಗಸರು ಹೊರಗೆ. ದಾದರಿನ ಫ್ಲ್ಯಾಟುಗಳಲ್ಲಿ ಪಾತ್ರೆ ತಿಕ್ಕೋದು, ಹಪ್ಪಳ ಲಟ್ಟಿಸೋದು, ಬಟ್ಟೆಗೆ ಗುಂಡಿ ಹೊಲಿಯೋದು. ಮೀಸೆ ತಿರುವಿ ಗಿರಣಿಗೆ ಹೋಗುತ್ತಿದ್ದವರು ಹೆಂಡತಿಯ ಕೈಯಿಂದ ಬೀಡಿಗೆ ಕಾಸು ಕೇಳಬೇಕಾಯಿತು. ಕೆಲವರು ಕುಡಿತಕ್ಕೆ ಬಿದ್ದರು. ನಮ್ಮ ಓಣಿಯ ಎಷ್ಟೋ ಹೆಂಗಸರಿಗೆ ಮನೆಯಲ್ಲಿ ಮಾತು ಬಂದದ್ದೂ ಆಗಲೇ ಅನ್ನೋದನ್ನೂ ಹೇಳಬೇಕು. ನನ್ನನ್ನು ಓದು ಬಿಡಿಸಬಾರದು ಅಂತ ಅಜ್ಜಿ ಹಟ ಹಿಡಿದದ್ದು, ಹಿಡಿಯೋಕೆ ಆದದ್ದು, ಅವಳೇ ದುಡಿಯುತ್ತಿದ್ದಳು ಅಂತ.

ಹುಡುಗರ ಗತಿ ಬೇರೆ. ಮೊದಲು ಅಪ್ಪನ ಜಾಗಕ್ಕೆ ಮಗ ಬದಲಿ ಕೆಲಸಗಾರನಾಗಿ ಸೇರುತ್ತಿದ್ದ, ನಾಳೆ ಏನು ಅನ್ನೋ ಚಿಂತೆ ಇರಲಿಲ್ಲ. ಆ ದಾರಿ ಮುಚ್ಚಿತು. ಸ್ವಲ್ಪ ಜನ ಆಟೋ, ಕೊರಿಯರ್ ಅಂತ ಹೋದರು. ಸ್ವಲ್ಪ ಜನರನ್ನು ಗ್ಯಾಂಗುಗಳು ಎತ್ತಿಕೊಂಡವು. ತೊಂಬತ್ತರ ಹೊತ್ತಿಗೆ ಸಿನಿಮಾದವರು ತೋರಿಸೋ 'ಡೇಂಜರ್ ಏರಿಯಾ' ನಮ್ಮದೇ. ಜನ ಕೆಟ್ಟರು, ಅದಕ್ಕೆ ಏರಿಯಾ ಕೆಟ್ಟಿತು ಅಂತಾರಲ್ಲ, ನನಗೆ ಮೈ ಉರಿಯುತ್ತೆ. ಕೆಲಸ ಕಿತ್ತುಕೊಂಡು ಹತ್ತು ವರ್ಷ ಬಿಟ್ಟು ಬಂದು ನೋಡಿದರೆ ಯಾವ ಓಣಿ ನೆಟ್ಟಗಿರುತ್ತೆ?

ಆಮೇಲಿನದು ನೆಲದ ಕಥೆ. ಗಿರಣಿ ನಿಂತರೂ ಅದರ ನೆಲ ಬಂಗಾರ. 1991ರಲ್ಲಿ ಸರ್ಕಾರ ಒಂದು ನಿಯಮ ತಂದಿತು. ಗಿರಣಿಯ ನೆಲದಲ್ಲಿ ಹೊಸದಾಗಿ ಕಟ್ಟಬೇಕಾದರೆ ಮೂರರಲ್ಲೊಂದು ಪಾಲು ಊರಿನ ಮೈದಾನ, ಉದ್ಯಾನಕ್ಕೆ. ಇನ್ನೊಂದು ಪಾಲು ಮ್ಹಾಡಾ ಅನ್ನೋ ಸರ್ಕಾರಿ ವಸತಿ ಸಂಸ್ಥೆಗೆ, ಸಾಮಾನ್ಯರ ಮನೆಗೆ. ಉಳಿದದ್ದು ಮಾಲೀಕರಿಗೆ. ಕೇಳೋಕೆ ಚೆನ್ನಾಗಿದೆ ಅಲ್ವಾ? 2001ರಲ್ಲಿ ತಿದ್ದುಪಡಿ ಬಂತು. ಪಾಲು ಹಂಚೋದು ಇಡೀ ನೆಲದಲ್ಲಿ ಅಲ್ಲ, ಕಟ್ಟಡ ಇಲ್ಲದ ಖಾಲಿ ಜಾಗದಲ್ಲಿ ಮಾತ್ರ ಅಂತ. ಗಿರಣಿ ಅಂದರೆ ಪೂರ್ತಿ ಕಟ್ಟಡವೇ, ಖಾಲಿ ಜಾಗ ಎಲ್ಲಿಂದ ಬರಬೇಕು! ಕೋರ್ಟಿಗೆ ಹೋದರು. 2005ರಲ್ಲಿ ಹೈಕೋರ್ಟಿನಲ್ಲಿ ಊರಿನ ಪರ ಆಯಿತು, 2006ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತಿದ್ದುಪಡಿಯೇ ನಿಂತಿತು. ಅಷ್ಟರಲ್ಲಿ ಸರ್ಕಾರಿ ಜವಳಿ ನಿಗಮದ ಐದು ಗಿರಣಿಗಳ ನೆಲವೇ ಎರಡು ಸಾವಿರ ಕೋಟಿ ರೂಪಾಯಿಗೂ ಮೇಲೆ ಮಾರಾಟವಾಗಿತ್ತು. ಕಾಲ ಬದಲಾಯಿತು ಅಂತ ಜನ ಉಸಿರು ಬಿಡ್ತಾರೆ. ಕಾಲ ಅಲ್ಲ ಮಗಳೇ, ಯಾರೋ ಕೂತು ಬರೆದ ಒಂದು ಸಾಲು.

ಮಾಲ್ ಬಂತು, ಗಾಜಿನ ಆಫೀಸು ಬಂದವು. ಸ್ಟೇಷನ್ನು ಮಾತ್ರ ಹಳೆಯದೇ. ನೀನು ದಿನಾ ಇಳಿಯೋ ಪ್ರಭಾದೇವಿಗೆ ಮೊದಲು ಎಲ್ಫಿನ್‌ಸ್ಟನ್ ರೋಡ್ ಅಂತ ಹೆಸರು. ಗಿರಣಿಯ ಕಾಲದ ಸ್ಟೇಷನ್ನಿನಲ್ಲಿ ಆಫೀಸಿನ ಜನ ಸಾಗರ. 2017ರ ಸೆಪ್ಟೆಂಬರ್ 29ರಂದು ಮಳೆಗೆ ಎಲ್ಲರೂ ಮೆಟ್ಟಿಲಲ್ಲಿ ನಿಂತು, ಕಾಲ್ತುಳಿತವಾಗಿ 23 ಜನ ಹೋದರು. ದಯವಿಟ್ಟು ಮಳೆಯಲ್ಲಿ ಅವಸರ ಮಾಡಬೇಡ.

ಜನ ಎಲ್ಲಿ ಅಂತ ಕೇಳಿದೆ. ಮೊದಲು ಹೋದವರು ಊರಿಗೆ. ಆಮೇಲೆ ಚಾಳಿನ ಜಾಗದಲ್ಲಿ ಹೊಸ ಬಿಲ್ಡಿಂಗ್ ಎದ್ದಾಗ ಫ್ಲ್ಯಾಟು ಸಿಕ್ಕವರಲ್ಲಿ ಎಷ್ಟೋ ಜನ ಲಿಫ್ಟು, ಮೇಂಟೆನೆನ್ಸು ಅಂತ ತಿಂಗಳ ಖರ್ಚು ತಡೆಯದೆ ಮಾರಿಕೊಂಡು ವಿರಾರ್, ಡೊಂಬಿವಲಿ, ಬದಲಾಪುರ ಸೇರಿದರು. ಸ್ವಲ್ಪ ಜನ ಅಲ್ಲೇ ಇದ್ದಾರೆ, ನಿನಗೆ ಕಾಣುತ್ತಿಲ್ಲ ಅಷ್ಟೇ. ನಿನ್ನ ಆಫೀಸಿನ ಗೇಟಿನಲ್ಲಿ ಕಾರ್ಡು ನೋಡೋ ಹುಡುಗನನ್ನು ಅವನಪ್ಪ ಎಲ್ಲಿ ಕೆಲಸ ಮಾಡುತ್ತಿದ್ದ ಅಂತ ಕೇಳಿ ನೋಡು. ಅವನಪ್ಪನಿಗೆ ಆ ಗೇಟಿನೊಳಗೆ ಸಂಘ ಇತ್ತು, ಪಿಎಫ್ ಇತ್ತು. ಇವನಿಗೆ ಗುತ್ತಿಗೆ. ವರಳಿಯಲ್ಲಿ ಬ್ರಿಟಿಷರ ಕಾಲದ ಸರ್ಕಾರಿ ಬಿಡಿಡಿ ಚಾಳಿನ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ 500 ಚದರಡಿಯ ಮನೆ ಸಿಕ್ಕಿತು. ಅವರ ಹಳೆ ಖೋಲಿ 160 ಚದರಡಿ. ಸ್ವಂತ ಸಂಡಾಸು ಬಂತಲ್ಲ ಅಂತ ನನಗೆ ಬಹಳ ಖುಷಿಯಾಯಿತು. ಬಾಗಿಲು ಮುಚ್ಚಿಕೊಳ್ತಾರೆ ಅಂತ ದೂರೋರು ದೂರಲಿ.

ಇನ್ನು ನಿನ್ನಿಂದ ಒಂದು ಕೆಲಸ ಆಗಬೇಕು. ಗಿರಣಿ ಕೆಲಸಗಾರರ ಮನೆಯ ಲಾಟರಿಗೆ ಮಾವ ಅಜ್ಜನ ವಾರಸುದಾರ ಅಂತ ಅರ್ಜಿ ಹಾಕಿದ್ದಾನೆ. 2012ರ ಮೊದಲ ಲಾಟರಿಯಿಂದ ಕಾಯುತ್ತಿದ್ದಾನೆ. ಆಗ ಸುಮಾರು ಏಳು ಸಾವಿರ ಮನೆ, ಕೇಳಿದವರು ಒಂದೂವರೆ ಲಕ್ಷದ ಹತ್ತಿರ. ಈಗ ಶೇಲು, ವಾಂಗಣಿ ಕಡೆ ಕೊಡ್ತೀವಿ ಅಂತಾರೆ. ಮುಂಬೈಯೇ ಅಲ್ಲ ಅದು, ನಮ್ಮ ಬೆವರು ಬಿದ್ದದ್ದು ಇಲ್ಲಿ ಅಂತ ಕೆಲಸಗಾರರು ಜಗಳಕ್ಕೆ ನಿಂತಿದ್ದಾರೆ. ಅಜ್ಜನ ಟಿಕೆಟ್ ನಂಬರಿನ ಕಾರ್ಡು, ಪಿಎಫ್ ಚೀಟಿ ಎರಡರ ಝೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಒಂದು ದಿನ ರಜೆ ಹಾಕಿ ಮಾವನ ಜೊತೆ ಬಾಂದ್ರಾದ ಮ್ಹಾಡಾ ಆಫೀಸಿಗೆ ಹೋಗಿ, ಅರ್ಜಿ ಎಲ್ಲಿದೆ ನೋಡಿಕೊಂಡು ಬಾ. ಕಾರ್ಡಿನಲ್ಲಿ ಅಜ್ಜನ ಹೆಸರಿನ ಸ್ಪೆಲ್ಲಿಂಗು ಬೇರೆ ಇದೆ, ಅದನ್ನು ಮೊದಲೇ ಹೇಳಿಬಿಡು.

ನಿನ್ನ ಅವ್ವ