ಈಸೆಲ್ ಕೆಳಗಿನ ಕಾಲುಗಳು

ಸೋಮವಾರ ಸಂಜೆ 7ಕ್ಕೆ ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ನಮ್ಮ ಕೋಣೆಯ ದೀಪ ಆರಿಸಿದರು. ನನ್ನ 28 ಚಿತ್ರಗಳನ್ನು ಹಳೆಯ ಬೆಡ್‌ಶೀಟುಗಳಲ್ಲಿ ಸುತ್ತಿ ಟೆಂಪೊಗೆ ಏರಿಸಿದ್ದಾಯಿತು. ಡೊಂಬಿವ್ಲಿಯ ಮನೆ ಮುಟ್ಟುವಾಗ ರಾತ್ರಿ 11 ದಾಟಿತ್ತು. ಆ ಗಂಟುಗಳು ಇನ್ನೂ ಹಾಲ್‌ನಲ್ಲೇ ಇವೆ. ನಡೆದಾಡಲು ಜಾಗವಿಲ್ಲ. ಅವುಗಳ ನಡುವೆಯೇ ಕೂತು ಇದನ್ನು ಬರೆಯುತ್ತಿದ್ದೇನೆ.

ನನಗೀಗ 66. ಇದು ನನ್ನ ಮೊದಲ ಪ್ರದರ್ಶನ. ಏಳು ದಿನ ಬಂದು ಹೋದವರಿಗೆಲ್ಲ ಅಲ್ಲೇ ಕೈ ಮುಗಿದಿದ್ದೇನೆ. ಆದರೆ ಗಡಿಬಿಡಿಯಲ್ಲಿ ಯಾರಿಗೆ ಹೇಳಿದೆ, ಯಾರಿಗೆ ಬಿಟ್ಟೆ ಅಂತ ನೆನಪಿಲ್ಲ. ಬರೆದರೆ ಲೆಕ್ಕ ಸಿಗುತ್ತದೆ ಅಲ್ವಾ.

ಮೊದಲು ಒಂದು ಪ್ರಶ್ನೆ ಮುಗಿಸಿಬಿಡುತ್ತೇನೆ. ದಿನಕ್ಕೆ ಹತ್ತು ಜನವಾದರೂ ಕೇಳಿದರು, "ಆ ಚಿತ್ರದ ಹುಡುಗಿ ನೀವೇನಾ?" ಹೌದು, ನಾನೇ. 1976ರಲ್ಲಿ ನನಗೆ 17. ಆಗಲೇ ಹೆಸರು ಮಾಡಿದ್ದ ಕಲಾವಿದರೊಬ್ಬರು ನನ್ನನ್ನು ಕೂರಿಸಿ ಎರಡು ವರ್ಷದಲ್ಲಿ ಹತ್ತಾರು ಚಿತ್ರ ಬರೆದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಬರಹವೂ ಅವರದ್ದೇ ಆಗಿಬಿಡುತ್ತದೆ. ನಮ್ಮ ಕನ್ನಡದವರು ಕೆಲವರು "ಹೆಬ್ಬಾರರಾ?" ಅಂತ ಆಸೆಯಿಂದ ಕೇಳಿದರು. ಅಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದು, ಮುಂಬೈಯ ಕಲಾಶಾಲೆ ಜೆ.ಜೆ. ಸ್ಕೂಲ್‌ನಲ್ಲಿ ಕಲಿತು, ಅಲ್ಲೇ ಕಲಿಸಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ಬಗ್ಗೆ ಮುಂಬೈ ಕನ್ನಡಿಗರಿಗೆಲ್ಲ ಇರುವ ಹೆಮ್ಮೆ ನನಗೂ ಇದೆ. ಅವರ ಒಂದೊಂದು ಗೆರೆ ನೋಡಿ ಕಲಿತಿದ್ದೇನೆ. ಆದರೆ ಅವರಲ್ಲ.

ನಮ್ಮ ಅಪ್ಪಯ್ಯ ಕೋಟೆ, ಅಂದರೆ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಕುಂದಾಪುರ ಕಡೆಯವರು. ಆ ಕಲಾವಿದರ ಕೋಣೆಗೆ ಇಡ್ಲಿ, ಕಾಫಿ ಹೋಗುತ್ತಿದ್ದದ್ದು ಅಪ್ಪಯ್ಯನ ಹೋಟೆಲಿನಿಂದ. ಒಂದು ದಿನ ಹುಡುಗ ರಜೆ ಹಾಕಿದ್ದ. ಡಬ್ಬಿ ಹಿಡಿದು ನಾನು ಹೋದೆ. ಆಮೇಲಿನದು ನಿಮಗೆ ಗೊತ್ತು. ಒಂದು ಸಲ ಕೂತರೆ 15 ರೂಪಾಯಿ ಅಂತ ಕೇಳಿ ಅಪ್ಪಯ್ಯನಿಗೆ ನಂಬಿಕೆಯೇ ಬರಲಿಲ್ಲ. "ಸುಮ್ನೆ ಕೂಕಂಬುಕೂ ದುಡ್ ಕೊಡ್ತ್ರಾ?" ಅಂದರು. ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಅಮ್ಮ ಜೊತೆಗಿರಬೇಕು.

ಹಾಗಾಗಿ ಎರಡು ವರ್ಷ ಅಮ್ಮ ಆ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿ ಕೂತಳು. ಹತ್ತಿಯ ಗಂಟು ತಂದು ಹೂಬತ್ತಿ ಹೊಸೆಯುತ್ತಿದ್ದಳು. ನಾನು ಅಲುಗಾಡುವ ಹಾಗಿರಲಿಲ್ಲ. ಅಲುಗಿದರೆ "ಹಲೂ ನಕೋಸ್", ಅಲುಗಬೇಡ ಅಂತ ಕಲಾವಿದರ ದನಿ ಬರುತ್ತಿತ್ತು. ಕಣ್ಣಿನ ಅಂಚಿನಲ್ಲಿ ಅಮ್ಮನ ಕೈ ಮಾತ್ರ ಕಾಣುತ್ತಿತ್ತು. ಬತ್ತಿ ಎಣಿಸಿ ಹೊತ್ತು ಲೆಕ್ಕ ಹಾಕುತ್ತಿದ್ದೆ. ನೂರು ಬತ್ತಿ ಆಯಿತು ಅಂದರೆ ಮನೆಗೆ ಹೋಗುವ ಹೊತ್ತಾಯಿತು ಅಂತ.

ಮ್ಯೂಸ್ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಯಾರೋ ಸ್ಫೂರ್ತಿದೇವತೆ ಅಂತ ಬರೆದಿದ್ದರು. ಓದಿ ನಗು ಬಂತು. ದೇವತೆಗೆ ಕಾಲು ಜೋಮು ಹಿಡಿಯುತ್ತದಾ? ನನಗೆ ದಿನಾ ಹಿಡಿಯುತ್ತಿತ್ತು.

ಆ ಕಲಾವಿದರು ಹೇಗೆ ನಡೆದುಕೊಂಡರು ಅಂತ ಪಿಸುಮಾತಿನಲ್ಲಿ ಕೇಳುವವರೂ ಇದ್ದಾರೆ. ಮರ್ಯಾದೆಯಿಂದಲೇ ನಡೆದುಕೊಂಡರು. ಹೇಳಿದ ದುಡ್ಡು ಹೇಳಿದ ದಿನ ಕೊಟ್ಟರು. ನನ್ನನ್ನು ನೋಯಿಸಿದ್ದು ಬೇರೆ. ಹೋಟೆಲಿನ ಬಿಲ್ಲುಗಳ ಹಿಂಬದಿಯಲ್ಲಿ ನಾನು ಬರೆದ ಚಿತ್ರಗಳನ್ನು ಒಂದು ದಿನ ಹೆದರುತ್ತ ತೋರಿಸಿದೆ. ನೋಡಿ ನಕ್ಕರು. "ತೂ ಬಸ್, ತೇವ್ಢಂ ಪುರೇ" ಅಂದರು. ನೀನು ಕೂತರೆ ಸಾಕು ಅಂತ. ಪ್ರೀತಿಯಿಂದಲೇ ಅಂದಿರಬೇಕು. ಆದರೆ ಆ ಮಾತು ಇಪ್ಪತ್ತು ವರ್ಷ ನನ್ನ ಕೈ ಹಿಡಿದು ಜಗ್ಗಿತು.

ಆದರೂ ಅವರಿಗೆ ಧನ್ಯವಾದ ಹೇಳಬೇಕು. ಅವರು ಕಲಿಸಲಿಲ್ಲ, ನಾನು ಕದ್ದೆ. ಅವರ ಬೆನ್ನ ಹಿಂದೆ ಕನ್ನಡಿ ಇದ್ದ ಒಂದು ಅಲ್ಮೇರಾ ಇತ್ತು. ಕನ್ನಡಿಯಲ್ಲಿ ಅವರ ಪ್ಯಾಲೆಟ್ ಕಾಣುತ್ತಿತ್ತು. ಕಪ್ಪು ಬೇಕಾದಾಗ ಅವರು ಕಪ್ಪಿನ ಟ್ಯೂಬ್ ಮುಟ್ಟುತ್ತಿರಲಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸುತ್ತಿದ್ದರು. ಜೀವ ಇರುವ ಕಪ್ಪು ಬರುವುದು ಹಾಗೆ. ಕತ್ತಿನ ನೆರಳಿಗೆ ಒಂಚೂರು ಹಸಿರು. ಮೊದಲ ಪದರಕ್ಕೆ ಟರ್ಪೆಂಟೈನ್ ಜಾಸ್ತಿ, ಮೇಲಿನದಕ್ಕೆ ಎಣ್ಣೆ ಜಾಸ್ತಿ. ತಿರುಗಾಮುರುಗಾ ಮಾಡಿದರೆ ಮೇಲಿನ ಪದರ ಮೊದಲು ಒಣಗಿ, ಕೆಳಗಿನದು ಇನ್ನೂ ಅಲುಗುತ್ತಿದ್ದು, ಬಣ್ಣ ಬಿರುಕು ಬಿಡುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ಓದಲಿಲ್ಲ. ಆ ಕುರ್ಚಿಯೇ ನನ್ನ ಜೆ.ಜೆ. ಸ್ಕೂಲ್.

ನಾನೊಬ್ಬಳೇ ಹೀಗೆ ಕದ್ದವಳು ಅಂದುಕೊಂಡಿದ್ದೆ. ಅಲ್ಲ ಅಂತ ತೋರಿಸಿಕೊಟ್ಟವಳು ನನ್ನ ಸೊಸೆ. ಅವಳಿಗೆ ಮೊದಲ ನಮಸ್ಕಾರ. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಲ್ಯಾಪ್‌ಟಾಪ್ ತಂದು ಮಡಿಲಿಗಿಟ್ಟು, "ಅತ್ತೆ, ಇವರನ್ನು ನೋಡಿ" ಅಂದಳು. ಸುಜಾನ್ ವಲಾಡೊನ್. 1865ರಲ್ಲಿ ಹುಟ್ಟಿದ ಫ್ರಾನ್ಸಿನ ಬಡ ಹುಡುಗಿ. ಸರ್ಕಸ್‌ನಲ್ಲಿ ಬಿದ್ದು ಪೆಟ್ಟಾಗಿ, ಹೊಟ್ಟೆಪಾಡಿಗೆ ಚಿತ್ರಕಾರರ ಮುಂದೆ ಕೂತವಳು. ರೆನ್ವಾರ್ 1883ರಲ್ಲಿ ಬರೆದ ಬೂಜಿವಾಲ್‌ನ ನೃತ್ಯದ ಚಿತ್ರದಲ್ಲಿ ಕೆಂಪು ಟೊಪ್ಪಿ ಹಾಕಿಕೊಂಡು ಕುಣಿಯುವವಳು ಇವಳೇ. ಯಾವ ಕಲಾಶಾಲೆಗೂ ಹೋಗದೆ, ಕೂತಲ್ಲೇ ನೋಡಿ ನೋಡಿ ಕಲಿತಳು. ಹೆಸರಾಂತ ಚಿತ್ರಕಾರ ದೆಗಾ ಅವಳ ಚಿತ್ರ ಕಂಡು ದುಡ್ಡು ಕೊಟ್ಟು ಕೊಂಡ. ನಕ್ಕು ಕಳಿಸಲಿಲ್ಲ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಿಲ್ವೆಟ್ ಡೇವಿಡ್ ಅಂತ ಇನ್ನೊಬ್ಬಳು. 1954ರಲ್ಲಿ ವಲ್ಲೋರಿಸ್ ಅನ್ನುವ ಕುಂಬಾರರ ಊರಿನಲ್ಲಿ ಪಿಕಾಸೊ ಅವಳನ್ನು ಕಂಡ. ಅವಳಿಗೆ 19, ಅವನಿಗೆ 72. ಎತ್ತಿ ಕಟ್ಟಿದ ಕುದುರೆಬಾಲದ ಜಡೆ. ಅವಳನ್ನು ನೋಡಿ 60ಕ್ಕೂ ಹೆಚ್ಚು ಕೃತಿ ಮಾಡಿದ. ಒಂದನ್ನು ಅವಳಿಗೇ ಕೊಟ್ಟ. ಅವಳು ಅದನ್ನು ಮಾರಿ ಪ್ಯಾರಿಸ್‌ನಲ್ಲಿ ಮನೆ ಕೊಂಡಳಂತೆ. ಒಳ್ಳೆ ಕೆಲಸ ಮಾಡಿದಳು ಅನ್ನಿಸಿತು. ಆಮೇಲೆ ಇಂಗ್ಲೆಂಡಿಗೆ ಹೋಗಿ, ನಲವತ್ತು ದಾಟಿದ ಮೇಲೆ ಬಣ್ಣ ಹಿಡಿದು, ಲಿಡಿಯಾ ಕಾರ್ಬೆಟ್ ಅಂತ ಬೇರೆ ಹೆಸರಿನಲ್ಲಿ ಚಿತ್ರ ಬರೆದಳು. ನ್ಯೂಯಾರ್ಕಿನಲ್ಲಿ ಅವಳ ಮುಖದ 36 ಅಡಿ ಎತ್ತರದ ಕಾಂಕ್ರೀಟ್ ಶಿಲ್ಪವಿದೆ. ನನ್ನ ತಂಗಿಯ ಮಗ ಅದರ ಕೆಳಗೆ ನಿಂತು ಫೋಟೋ ತೆಗೆದು ಕಳಿಸಿದ. ಇರುವೆ ಹಾಗೆ ಕಾಣುತ್ತಿದ್ದ. ಅಷ್ಟು ದೊಡ್ಡ ಮುಖ ಹೊತ್ತುಕೊಂಡು ತನ್ನದೇ ಪುಟ್ಟ ಚಿತ್ರ ಬರೆಯುವುದು ಎಷ್ಟು ಕಷ್ಟ ಅಂತ ನನಗೆ ಸ್ವಲ್ಪ ಗೊತ್ತು.

ಫ್ರಾನ್ಸ್ವಾಸ್ ಜಿಲೋ ಅಂತೂ ಪಿಕಾಸೊನ ಪರಿಚಯವಾಗುವ ಮೊದಲೇ ಚಿತ್ರ ಬರೆಯುತ್ತಿದ್ದವಳು. 1953ರಲ್ಲಿ ತಾನಾಗಿ ಅವನನ್ನು ಬಿಟ್ಟು ಬಂದವಳು. 2023ರಲ್ಲಿ, 101ರ ವಯಸ್ಸಿನಲ್ಲಿ ತೀರಿಕೊಂಡಾಗಲೂ ಎಷ್ಟೋ ತಲೆಬರಹಗಳಲ್ಲಿ ಅವನ ಹೆಸರೇ.

ಅಷ್ಟು ದೂರ ಯಾಕೆ. ಗೋವಾದ ಅಂಜನೀಬಾಯಿ ಮಾಲ್ಪೇಕರ್ ರವಿವರ್ಮನ ಚಿತ್ರಗಳಿಗೆ ಸ್ಫೂರ್ತಿಯಾಗಿದ್ದರು ಅಂತ ಹೇಳುತ್ತಾರೆ. ಆದರೆ ಅವರು ಭೆಂಡಿಬಜಾರ್ ಘರಾಣೆಯ ದೊಡ್ಡ ಗಾಯಕಿ. ನಮ್ಮ ಬೆಳಗಾವಿ ಕಡೆಯ ಕುಮಾರ ಗಂಧರ್ವರೂ ಅವರ ಹತ್ತಿರ ಕಲಿತರು. ಮುಖ ಯಾವ ಕ್ಯಾಲೆಂಡರಿನಲ್ಲಿದ್ದರೇನು, ದನಿ ಅವರದ್ದೇ ಆಗಿತ್ತು.

ಈಗ ನನ್ನ ಸಾಲಗಳು.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಆಗ ನಾವು ಕುರ್ಲಾದ ಒಂದು ಚಾಳಿನಲ್ಲಿ ನೆಲಮಟ್ಟದ ಮನೆಯಲ್ಲಿದ್ದೆವು. ಮೀಠಿ ನದಿ ಮನೆಯೊಳಗೆ ಬಂತು. ಮಂಚದ ಕೆಳಗಿನ ಟ್ರಂಕಿನಲ್ಲಿ ನನ್ನ ಅಷ್ಟೂ ವರ್ಷದ ಚಿತ್ರಗಳಿದ್ದವು. ನೀರಿಳಿದ ಮೇಲೆ ಟ್ರಂಕ್ ತೆಗೆದರೆ ಕಾಗದದ ಮುದ್ದೆ. ನಾನು ಎಸೆಯಲು ಹೊರಟಿದ್ದೆ. ಮೇಲಿನ ಮನೆಯ ಮಾವಶಿ ಕಸಿದುಕೊಂಡು, ಒಂದೊಂದೇ ಬಿಡಿಸಿ, ಚಾಳಿನ ಉದ್ದ ಜಗಲಿಯ ಹಗ್ಗಕ್ಕೆ ಬಟ್ಟೆಯ ಕ್ಲಿಪ್ ಹಾಕಿ ನೇತುಹಾಕಿದರು. ನಾಲ್ಕು ದಿನ ಆ ಚಾಳಿನಲ್ಲಿ ಸೀರೆ, ಪಂಚೆ, ನನ್ನ ಚಿತ್ರ, ಎಲ್ಲ ಒಟ್ಟಿಗೆ ತೂಗಾಡಿದವು. ಜಲವರ್ಣದವು ಅಳಿಸಿಯೇ ಹೋದವು. ಪೆನ್ಸಿಲಿನವು 11 ಉಳಿದವು. ನೋಡಿ, ನನ್ನ ಮೊದಲ ಪ್ರದರ್ಶನ ನಿಜಕ್ಕೂ ಅದೇ. ಆ 11ರಲ್ಲಿ ಆರು ಈ ಸಲ ಗೋಡೆ ಮೇಲಿದ್ದವು, ನೀರಿನ ಕಲೆಯ ಸಮೇತ. ಮಾವಶಿ ಈಗ ಇಲ್ಲ. ಅವರ ಮಗಳು ಪುಣೆಯಿಂದ ಬಂದಿದ್ದಳು. ಕಲೆಯ ಮೇಲೆ ಬೆರಳಿಡಲು ಹೋದಳು, ನಾನು ತಡೆಯಲಿಲ್ಲ.

ಕಳೆದ ವರ್ಷ ಎರಡೂ ಕಣ್ಣಿಗೆ ಪೊರೆ ಬಂತು. ಪೊರೆ ಬೆಳೆದಂತೆ ಎಲ್ಲ ಹಳದಿ, ಕಂದು. ನನಗೆ ಅದು ಗೊತ್ತಾಗದೆ ನೀಲಿಯನ್ನು ಸುರಿಯುತ್ತ ಹೋದೆ. ಒಂದು ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗ ನನ್ನ ಹೊಸ ಚಿತ್ರಗಳೆಲ್ಲ ನೀಲ ಹಾಕಿದ ಪಂಚೆಯ ಹಾಗೆ ಕಂಡವು. ಗಾಬರಿಯಾಯಿತು. ಡಾಕ್ಟರಮ್ಮ ಅರ್ಧ ಗಂಟೆ ಕೂತು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿಸಿ, ವ್ಯತ್ಯಾಸ ತಿಳಿಸಿಕೊಟ್ಟರು. ಒಂಬತ್ತು ಚಿತ್ರ ತಿದ್ದಿದೆ. ಮೂರನ್ನು ಹಾಗೇ ಬಿಟ್ಟೆ. ಅವನ್ನೇ ಜನ ಹೆಚ್ಚು ಹೊಗಳಿದರು, ಏನು ಹೇಳುವುದು!

ಗಿರ್‌ಗಾಂವ್‌ನ ಫ್ರೇಮಿನವರು ಮುಂಗಡ ಕೇಳಲಿಲ್ಲ. "ಮೊದಲು ಗೋಡೆಗೆ ಏರಲಿ" ಅಂದರು. ಬಾಕಿ ಮುಂದಿನ ತಿಂಗಳು ಖಂಡಿತ ಕೊಡುತ್ತೇನೆ, ಇಲ್ಲಿ ಬರೆದಿದ್ದೇನೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಶನಿವಾರ ಮಾಟುಂಗದಿಂದ ನಮ್ಮ ಸಂಘದ ಹೆಂಗಸರು ಲೋಕಲ್ ಹಿಡಿದು, ಡಬ್ಬಿ ತುಂಬ ಕೋಡುಬಳೆ ತಂದರು. ಗ್ಯಾಲರಿಯೊಳಗೆ ತಿನ್ನುವ ಹಾಗಿಲ್ಲ. ಹೊರಗೆ ಫುಟ್‌ಪಾತಿನಲ್ಲಿ ಚಿತ್ರ ಇಟ್ಟು ಕೂರುವ ಹುಡುಗರ ಜೊತೆ ಹಂಚಿಕೊಂಡು ತಿಂದೆವು. ಗ್ಯಾಲರಿಯಲ್ಲೇ ಇದ್ದ ಸಮೋವರ್ ಕೆಫೆ ಈಗಲೂ ಇದ್ದಿದ್ದರೆ ಚಹಾ ಕುಡಿಸಬಹುದಿತ್ತು. ಅದು 2015ರಲ್ಲೇ ಮುಚ್ಚಿತು. ಆ ಹುಡುಗರು ಒಬ್ಬೊಬ್ಬರಾಗಿ ಒಳಗೆ ಬಂದು ನೋಡಿದರು. ಒಬ್ಬ ಬಹಳ ಹೊತ್ತು ನಿಂತು "ಈ ಕಪ್ಪು ಹೇಗೆ ಮಾಡಿದ್ರಿ ಕಾಕು?" ಅಂತ ಕೇಳಿದ. ಹೇಳಿಕೊಟ್ಟೆ.

ಒಬ್ಬ ಹುಡುಗಿ ಪತ್ರಿಕೆಗೆ ಬರೆಯುವವಳು. ಎಲ್ಲ ನೋಡಿ, "ಅವರು ಬರೆದ ನಿಮ್ಮ ಚಿತ್ರ ಒಂದೂ ಇಲ್ವಲ್ಲ?" ಅಂದಳು. ಅವು ನನ್ನ ಹತ್ತಿರ ಇಲ್ಲ ಮಗಾ ಅಂದೆ. ಒಂದು ಹರಾಜಿನ ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಕೆಳಗೆ "ದಕ್ಷಿಣದ ಹುಡುಗಿ" ಅಂತಿತ್ತು. ಹೆಸರಿರಲಿಲ್ಲ. ಆ ಚಿತ್ರದಲ್ಲಿ ನನ್ನ ಹಿಂದೆ ಒಂದು ಖಾಲಿ ಮೂಲೆ ಇದೆ. ಬಹಳ ಚೆನ್ನಾಗಿ ಬರೆದಿದ್ದಾರೆ, ಬೆಳಕು ಬೀಳುವ ಖಾಲಿ ಗೋಡೆ. ಆದರೆ ಆ ಮೂಲೆ ಒಂದು ದಿನವೂ ಖಾಲಿ ಇರಲಿಲ್ಲ. ಅಲ್ಲಿ ಅಮ್ಮ ಇದ್ದಳು.

ಅದಕ್ಕೇ ಬಾಗಿಲ ಎದುರಿನ ಗೋಡೆಗೆ ಆ ಒಂದೇ ದೊಡ್ಡ ಚಿತ್ರ ಹಾಕಿದ್ದು. ಕುರ್ಚಿಯಲ್ಲಿ ಕೂತವಳಿಗೆ ಏನು ಕಾಣುತ್ತದೆ ಅನ್ನುವುದು. ಈಸೆಲ್, ಅಂದರೆ ಚಿತ್ರ ನಿಲ್ಲಿಸುವ ಮರದ ಸ್ಟ್ಯಾಂಡ್, ಅದರ ಮೇಲಿನ ಕ್ಯಾನ್ವಾಸಿನ ಹಿಂಭಾಗ. ಅದರ ಕೆಳಗೆ ಎರಡು ಕಾಲು, ಕೊಲ್ಹಾಪುರಿ ಚಪ್ಪಲಿ, ಬಣ್ಣ ಸಿಡಿದ ನೆಲ. ಎರಡು ವರ್ಷ ನಾನು ಅವರನ್ನು ಕಂಡದ್ದು ಹೆಚ್ಚಾಗಿ ಅಷ್ಟೇ. ಪಕ್ಕದಲ್ಲಿ ಚಾಪೆ, ಚಾಪೆಯ ಮೇಲೆ ಒಂದು ಕೈ, ಹೂಬತ್ತಿಯ ರಾಶಿ. ಇಬ್ಬರು ಬೆಲೆ ಕೇಳಿದರು. ಬೇರೆ ಐದು ಮಾರಿದ್ದೇನೆ, ಕೊಂಡವರಿಗೆ ಕೈ ಮುಗಿದೆ. ಇದನ್ನು ಕೊಡಲಿಲ್ಲ.

ನಿನ್ನೆ ಅಕ್ಕ ಬಂದಿದ್ದಳು. 74 ಆಯಿತು, ಮೆಟ್ಟಿಲು ಹತ್ತುವುದು ಕಷ್ಟ, ಗ್ಯಾಲರಿಗೆ ಬರಲು ಆಗಿರಲಿಲ್ಲ. ಬೆಡ್‌ಶೀಟ್ ಬಿಚ್ಚಿ ಅವಳಿಗಾಗಿ ಚಿತ್ರವನ್ನು ಗೋಡೆಗೆ ಒರಗಿಸಿದೆ. ಕನ್ನಡಕ ಒರೆಸಿಕೊಂಡು ಸುಮಾರು ಹೊತ್ತು ನೋಡಿದಳು. ಚಪ್ಪಲಿ, ಕಾಲು ಯಾವುದರ ಬಗ್ಗೆಯೂ ಮಾತಿಲ್ಲ.

"ಬತ್ತಿ ದಪ್ಪ ಆಯ್ತು ಮಾರಾಯ್ತಿ" ಅಂದಳು. "ಅಮ್ಮ ಇದಕ್ಕಿಂತ ಸಪೂರ ಹೊಸೀತಿದ್ದಳು."

ಹೌದು, ಸಪೂರವೇ. ಟರ್ಪೆಂಟೈನ್ ಮುಗಿದಿದೆ. ನಾಳೆ ಸ್ಟೇಷನ್ ಹತ್ತಿರ ಹೋದಾಗ ತರಬೇಕು.