ತವರು ಮೈದಾನವಿಲ್ಲದ ಎರಡು ಋತುಗಳು

ಮಾನ್ಯ ಸಂಪಾದಕರೇ,

2020–21ರ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಟೂರ್ನಿಯಲ್ಲಿ ಬೆಂಗಳೂರು ಎಫ್‌ಸಿ ತಂಡವು ಹನ್ನೊಂದು ತಂಡಗಳ ಪೈಕಿ ಏಳನೆಯ ಸ್ಥಾನಕ್ಕೆ ಕುಸಿದುದನ್ನು ಕೇವಲ ಆಟಗಾರರ ವೈಫಲ್ಯವೆಂದು ಬಣ್ಣಿಸುವುದು ನ್ಯಾಯವಲ್ಲ. 2020ರ ಮಾರ್ಚ್ 1ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೋಲ್ಕತ್ತದ ಎಟಿಕೆ ತಂಡದ ವಿರುದ್ಧ ಸೆಮಿಫೈನಲ್‌ನ ಮೊದಲ ಪಂದ್ಯವನ್ನು ಗೆದ್ದ ತಂಡಕ್ಕೆ, ಕೊರೊನಾದಿಂದಾಗಿ, ಅದೇ ಅಂಗಳದಲ್ಲಿ ಮತ್ತೆ ಲೀಗ್ ಪಂದ್ಯ ಆಡುವ ಅವಕಾಶ ದೊರೆತದ್ದು 2022ರ ಅಕ್ಟೋಬರ್‌ನಲ್ಲಿ. ನಡುವಿನ ಎರಡು ಋತುಗಳನ್ನು ಗೋವಾದಲ್ಲೇ ನಡೆಸಲಾಯಿತು. ಆಟಗಾರರು ಹೊರಗಿನವರ ಸಂಪರ್ಕವಿಲ್ಲದೆ ತಿಂಗಳುಗಟ್ಟಲೆ ಹೋಟೆಲ್‌ನಲ್ಲಿದ್ದು, ಬರಿದಾದ ಗ್ಯಾಲರಿಗಳ ಮುಂದೆ ಆಡಿದರು. ಕಂಠೀರವದ ಪಶ್ಚಿಮ ಗ್ಯಾಲರಿಯ ಅಭಿಮಾನಿಗಳ ಹಾಡು, ಘೋಷಣೆಗಳ ಬಲದಿಂದಲೇ ಬೆಳೆದ ತಂಡಕ್ಕೆ ಇದು ಸಣ್ಣ ನಷ್ಟವಲ್ಲ.

2021ರ ಮೇನಲ್ಲಿ ಮಾಲ್ಡೀವ್ಸ್‌ನಲ್ಲಿ ತಂಡದ ಕೆಲವರು ಕೋವಿಡ್ ನಿಯಮ ಮೀರಿದ್ದು ಮಾತ್ರ ಅಕ್ಷಮ್ಯ. ಕ್ಲಬ್ ಬಹಿರಂಗವಾಗಿ ಕ್ಷಮೆ ಕೋರಿದ್ದು ಸರಿಯಾಗಿಯೇ ಇದೆ.

ದಾವಣಗೆರೆಯಿಂದ ರೈಲು ಹತ್ತಿ ಪಂದ್ಯ ನೋಡಲು ಹೋಗುತ್ತಿದ್ದ ನಮ್ಮಂಥವರಿಗೆ ಆ ಅವಧಿಯಲ್ಲಿ ಉಳಿದದ್ದು ಟಿ.ವಿ. ಮಾತ್ರ. ಆದ್ದರಿಂದ ಪತ್ರಿಕೆಗಳು ಆ ಎರಡು ಋತುಗಳ ಅಂಕಪಟ್ಟಿಯನ್ನು ಉಲ್ಲೇಖಿಸುವಾಗಲೆಲ್ಲ, ತಂಡವು ತವರಿನಲ್ಲಿ ಒಂದೂ ಲೀಗ್ ಪಂದ್ಯ ಆಡಿರಲಿಲ್ಲವೆಂಬ ಸಂಗತಿಯನ್ನೂ ಜೊತೆಗೆ ಮುದ್ರಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ